ಪದಚರ್ಚೆ: ಚರ್ಚ್ ಕಾಯುವ ಸ್ವಯಂಸೇವಕರಿಗೆ ‘ರಕ್ಷಣಾ ದಳ’ ಎನ್ನಬಹುದೆ?

ಎಲ್ಲರಿಗೂ ನಮಸ್ಕಾರ,

ಅಮೆರಿಕದ ಟೆಕ್ಸಸ್ ರಾಜ್ಯದ ಆಕ್ಯುಪೇಷನ್ಸ್ ಕೋಡಿನಲ್ಲಿ (ವೃತ್ತಿಗಳ ಕಾನೂನು ಸಂಹಿತೆ) 1702.333 ಎಂಬ ಪುಟ್ಟ ಸೆಕ್ಷನ್ ಇದೆ. ಜಾರಿಗೆ ಬಂದದ್ದು 2017ರ ಸೆಪ್ಟೆಂಬರ್ 1ಕ್ಕೆ. ಚರ್ಚ್, ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಅಥವಾ ಅಂಥ ಬೇರೆ ಆರಾಧನಾ ಸ್ಥಳದ ಆವರಣದಲ್ಲಿ ವಾಲಂಟಿಯರ್ ಆಗಿ ಸೆಕ್ಯೂರಿಟಿ ಕೆಲಸ ಮಾಡುವವರಿಗೆ ಲೈಸೆನ್ಸ್ ಕೇಳುವ ಅಧ್ಯಾಯ ಅನ್ವಯಿಸುವುದಿಲ್ಲ ಎನ್ನುತ್ತದೆ ಅದು. ಕನ್ನಡಕ್ಕೆ ತರುವಾಗ ನಾನು ‘ಸ್ವಯಂಸೇವಾ ರಕ್ಷಣಾ ದಳ’, ‘ರಿಯಾಯಿತಿ’, ಪೀಸ್ ಆಫೀಸರ್‌ಗೆ ‘ಶಾಂತಿ ಅಧಿಕಾರಿ’ ಎಂದು ಹಾಕಿದ್ದೇನೆ. ಓದಿದರೆ ಮೂರೂ ಎಡವಟ್ಟಾಗಿ ಕೇಳಿಸುತ್ತಿವೆ. ತಿದ್ದುವಿರಾ?

ಉತ್ತರ 1

ಮೊದಲು ‘ರಕ್ಷಣೆ’ಯನ್ನು ಕೈಬಿಡಿ. ಕನ್ನಡ ಕ್ರೈಸ್ತರಿಗೆ ರಕ್ಷಣೆ ಎಂದರೆ ಪಾಪದಿಂದ ಬಿಡುಗಡೆ, ರಕ್ಷಕ ಎಂದರೆ ಯೇಸು. ‘ಸಭೆಯ ರಕ್ಷಣಾ ತಂಡ’ ಎಂದರೆ ಸುವಾರ್ತೆ ಸಾರಲು ಹೊರಟವರು ಎಂದುಕೊಂಡಾರು. ‘ದಳ’ವೂ ಬೇಡ. ಗೃಹರಕ್ಷಕ ದಳ, ಅಗ್ನಿಶಾಮಕ ದಳ ಎಂದೊಡನೆ ಕಣ್ಣಿಗೆ ಬರುವುದು ಸರ್ಕಾರಿ ಸಮವಸ್ತ್ರ. ಈ ಸೆಕ್ಷನ್ ಬೇಡವೆನ್ನುವುದೂ ಅದನ್ನೇ.

‘ಕಾವಲು’ ಒಳ್ಳೆಯ ಪದ. ಕಾಯು ಎಂಬ ಕ್ರಿಯಾಪದ ಕನ್ನಡ ಬೈಬಲಿನ 121ನೇ ಕೀರ್ತನೆಯಲ್ಲೂ ಇದೆ. ಆದರೆ ಕಾವಲುಗಾರ ಎಂದರೆ ಗೇಟಿನ ಬಳಿ ಕುರ್ಚಿ ಹಾಕಿ ಕೂತ, ಸಂಬಳ ಪಡೆಯುವ ವಾಚ್‌ಮನ್. ಇಲ್ಲಿ ಹೇಳುವವರು ಪಾರ್ಕಿಂಗ್, ಬಾಗಿಲು, ಮಕ್ಕಳ ತರಗತಿಯ ಮೊಗಸಾಲೆಯಲ್ಲಿ ನಿಂತು ಕಣ್ಣಿಡುವ ಸಭೆಯ ಸದಸ್ಯರು. ಅವರ ಕೆಲಸಕ್ಕೆ ‘ಭದ್ರತಾ ಸೇವೆ’, ಗುಂಪಿಗೆ ‘ಸ್ವಯಂಸೇವಕ ಭದ್ರತಾ ತಂಡ’ ಸಾಕು. ‘ಭದ್ರತಾ ಸಿಬ್ಬಂದಿ’ ಮಾತ್ರ ಆಗದು, ಸಿಬ್ಬಂದಿ ಸಂಬಳದ ಮಾತು. 2019ರ ಡಿಸೆಂಬರ್ 29ರಂದು ಟೆಕ್ಸಸ್‌ನ ವೈಟ್ ಸೆಟಲ್‌ಮೆಂಟ್ ಊರಿನ ಚರ್ಚಿನಲ್ಲಿ ಇಬ್ಬರನ್ನು ಕೊಂದ ಬಂದೂಕುಧಾರಿಯನ್ನು ಆರೇ ಸೆಕೆಂಡಿನಲ್ಲಿ ಗುಂಡಿಟ್ಟು ಬೀಳಿಸಿದ್ದು ಇಂಥ ತಂಡದವರೇ. ಅವರನ್ನು ಸಿಬ್ಬಂದಿ ಎಂದು ಬರೆದರೆ ಈ ಸೆಕ್ಷನ್ ಏಕೆ ಬೇಕಾಯಿತು ಎಂಬುದೇ ಓದುಗರಿಗೆ ತಿಳಿಯದು.

ನಿಜವಾದ ತೊಡಕು ಉಡುಪಿನ ಬಗೆಗಿನ ಉಪಸೆಕ್ಷನ್ನಿನದು. ಈ ಕೆಲಸದಲ್ಲಿರುವಾಗ ‘ಸೆಕ್ಯೂರಿಟಿ’ ಎಂಬ ಪದವಿರುವ ಸಮವಸ್ತ್ರವನ್ನಾಗಲಿ ಬ್ಯಾಡ್ಜನ್ನಾಗಲಿ ತೊಡಬಾರದು. ಪೊಲೀಸ್, ಅಂಗರಕ್ಷಕ ಅಥವಾ ಸೆಕ್ಯೂರಿಟಿ ಅಧಿಕಾರಿಯಂತೆ ಕಾಣುವಂಥದ್ದನ್ನೂ ತೊಡಬಾರದು. ಮೊದಲ ಷರತ್ತು ಹಿಡಿದಿರುವುದು ಪದವನ್ನು, ಅದರ ಅರ್ಥವನ್ನಲ್ಲ. ಹಾಗಾಗಿ ಅಲ್ಲಿ ‘ಭದ್ರತೆ ಎಂಬ ಪದ’ ಎಂದು ಅನುವಾದಿಸಿದರೆ ಕಾನೂನೇ ಬದಲಾದಂತೆ. ಅಲ್ಲೊಂದು ಕಡೆ ‘ಸೆಕ್ಯೂರಿಟಿ’ಯನ್ನು ಉದ್ಧರಣ ಚಿಹ್ನೆಯೊಳಗೆ ಹಾಗೇ ಉಳಿಸಿ, ಮಿಕ್ಕೆಡೆ ‘ಭದ್ರತೆ’ ಹಾಕಿ. ಒಂದೇ ಮೂಲಪದಕ್ಕೆ ಎರಡು ರೂಪ ಏಕೆಂದು ಕೇಳುವವರಿಗೆ ಒಂದು ಅಡಿಟಿಪ್ಪಣಿ ಕೊಟ್ಟರಾಯಿತು. ಟೀ ಶರ್ಟಿನ ಮೇಲೆ ಕನ್ನಡದಲ್ಲಿ ‘ಭದ್ರತೆ’ ಎಂದು ಅಚ್ಚು ಹಾಕಿಸಿ ಜಾರಿಕೊಳ್ಳಬಹುದೆ ಎಂಬ ಜಾಣತನವೂ ನಡೆಯದು, ಉಡುಪು ಕಾವಲಿನವರದಂತೆ ಕಂಡರೆ ಎರಡನೆಯ ಷರತ್ತು ಹಿಡಿಯುತ್ತದೆ. ಅಲ್ಲಿನ ಅನೇಕ ಚರ್ಚುಗಳು ‘ಸೇಫ್ಟಿ ಟೀಮ್’ ಎಂದು ಕರೆದುಕೊಳ್ಳುವುದು ಈ ಸೆಕ್ಷನ್ನಿಗೂ ಒಗ್ಗುತ್ತದೆ.

‘ರಿಯಾಯಿತಿ’ ಆಷಾಢದಲ್ಲಿ ಸೀರೆ ಅಂಗಡಿಯವರು ಕೊಡುವುದು. ಇಲ್ಲಿ ಬೇಕಾದದ್ದು ‘ವಿನಾಯಿತಿ’. ಅದನ್ನೂ ‘ಅನುಮತಿ’ ಎಂದೋ ‘ಅಧಿಕಾರ’ ಎಂದೋ ಹಿಗ್ಗಿಸಬೇಡಿ. ಲೈಸೆನ್ಸಿನ ಅಧ್ಯಾಯ ಅನ್ವಯಿಸದು ಎಂದಷ್ಟೇ ಇದರ ಅರ್ಥ. ಬಂಧಿಸುವ ವಿಶೇಷ ಅಧಿಕಾರ ಈ ಸೆಕ್ಷನ್ನಿನಿಂದ ಹುಟ್ಟುವುದಿಲ್ಲ, ಬಂದೂಕು ಇಟ್ಟುಕೊಳ್ಳುವ ಹಕ್ಕೂ ಹುಟ್ಟುವುದಿಲ್ಲ. ಬಂದೂಕಿನ ಲೆಕ್ಕ ಬೇರೆ ಕಾಯಿದೆಗಳಲ್ಲಿದೆ. ‘ಆವರಣದಲ್ಲಿ’ ಎಂಬ ಪದವನ್ನೂ ನುಂಗಬೇಡಿ. ಪಾದ್ರಿಯವರ ಜೊತೆ ಬೇರೆ ಊರಿಗೆ ಅಂಗರಕ್ಷಕನಾಗಿ ಹೋದವನಿಗೆ ಈ ವಿನಾಯಿತಿ ಸಿಗದು.

‘ಶಾಂತಿ ಅಧಿಕಾರಿ’ ಎಂದರೆ ಶಾಂತಿ ಸಮಿತಿಯ ಅಧ್ಯಕ್ಷರೇನೋ ಅನ್ನಿಸುತ್ತದೆ. ಅಲ್ಲಿ ಆ ಹೆಸರಿನಡಿ ಷೆರಿಫ್, ಕಾನ್‌ಸ್ಟೆಬಲ್, ನಗರ ಪೊಲೀಸ್ ಎಲ್ಲರೂ ಬರುತ್ತಾರೆ. ‘ಪೊಲೀಸ್ ಅಧಿಕಾರವುಳ್ಳವರು’ ಎಂದು ಬಿಡಿಸಿ ಬರೆಯಿರಿ.

ಉತ್ತರ 2

ಮೇಲಿನದಕ್ಕೆ ಎರಡು ಮಾತು ಸೇರಿಸುವೆ.

ಚರ್ಚಿನೊಳಗೆ ಬಂದೂಕು ಬೇಡವೆಂದರೆ ಬಾಗಿಲಲ್ಲಿ ಹಾಕುವ ಫಲಕಗಳ ಮಾತೂ ಮುಂದೆ ಬಂದೀತು. ಟೆಕ್ಸಸ್ ಪೀನಲ್ ಕೋಡಿನ (ದಂಡ ಸಂಹಿತೆ) ಸೆಕ್ಷನ್ 30.06 ಲೈಸೆನ್ಸ್ ಇದ್ದವರು ಮರೆಮಾಡಿ ಒಯ್ಯುವ ಕೈಬಂದೂಕಿಗೆ, 30.07 ಕಾಣುವಂತೆ ಒಯ್ಯುವುದಕ್ಕೆ. ಫಲಕದ ಒಕ್ಕಣೆ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ, ಕನಿಷ್ಠ 1 ಅಂಗುಲ ಎತ್ತರದ ಅಕ್ಷರಗಳಲ್ಲಿ, ಎದ್ದುಕಾಣುವ ಬಣ್ಣದಲ್ಲಿರಬೇಕು. ಕನ್ನಡ ಸಾಲನ್ನು ತಿಳಿವಳಿಕೆಗೆಂದು ಪಕ್ಕದಲ್ಲಿ ಹಾಕಬಹುದೇ ಹೊರತು ಅದೊಂದೇ ಇದ್ದರೆ ಕಾನೂನಿನ ನೋಟಿಸ್ ಆಗದು.

ಇನ್ನು ನಮ್ಮ ದೇಶದ ಕಾಯಿದೆಯ ಪದಗಳನ್ನು ಕಣ್ಣುಮುಚ್ಚಿ ಎರವಲು ತರಬೇಡಿ. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣಕ್ಕೆಂದು ಬಂದ 2005ರ ಅಧಿನಿಯಮದಲ್ಲಿ ಏಜೆನ್ಸಿ ಎಂದರೆ ಭದ್ರತೆ ಒದಗಿಸುವ ‘ವ್ಯವಹಾರ’ದಲ್ಲಿ ತೊಡಗಿದವರು. ಆರಾಧನಾ ಸ್ಥಳಕ್ಕೆಂದೇ ಟೆಕ್ಸಸ್‌ನಂಥ ಪ್ರತ್ಯೇಕ ಸೆಕ್ಷನ್ ಅದರಲ್ಲಿಲ್ಲ. ಉಡುಪಿನ ನಿಷೇಧ ಅಲ್ಲೂ ಇದೆ: ಖಾಸಗಿ ಕಾವಲಿನವರು ಸೇನೆಯ ಅಥವಾ ಪೊಲೀಸರ ಸಮವಸ್ತ್ರವನ್ನೋ ಅದನ್ನು ಹೋಲುವ ಉಡುಪನ್ನೋ ತೊಟ್ಟರೆ 1 ವರ್ಷದವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಆದರೆ ‘ಸೆಕ್ಯೂರಿಟಿ’ ಎಂಬ ಪದಕ್ಕೆ ಇಲ್ಲಿ ತಡೆಯಿಲ್ಲ.