ಕಳ್ಳತನ ಮಾಡಿದವನ ನಾಟಕಕ್ಕೆ ಚಪ್ಪಾಳೆ ಯಾಕೆ? ‘ಮನೆ ಮಂದಿ’ ಗುಂಪಿನ ಜಗಳ

ಮೆಲ್ಬರ್ನ್ ಅಕ್ಕ: [ವಿಡಿಯೋ] ಇವರು ಅಂಕಲ್ ಜ್ಯಾಕ್ ಚಾರ್ಲ್ಸ್. ಇಲ್ಲಿನ, ಅಂದರೆ ಆಸ್ಟ್ರೇಲಿಯಾದ, ಮೂಲನಿವಾಸಿ ನಟ. 2022ರಲ್ಲಿ ತೀರಿಕೊಂಡರು. ಇದು ‘ಜ್ಯಾಕ್ ಚಾರ್ಲ್ಸ್ ವರ್ಸಸ್ ದಿ ಕ್ರೌನ್’ ನಾಟಕದ ತುಣುಕು. 2010ರಲ್ಲಿ ಇದೇ ಊರಲ್ಲಿ ಶುರುವಾದದ್ದು. ತಮ್ಮ ಬದುಕನ್ನು ತಾವೇ ನಿಂತು ಹೇಳುತ್ತಾರೆ. ಪೂರ್ತಿ ನೋಡಿ, ಆಮೇಲೆ ಮಾತಾಡಿ.

ಚಿಕ್ಕಪ್ಪ: ನೋಡಿದೆ. ಕೂತು ಮಡಕೆ ಮಾಡುತ್ತಿದ್ದಾರೆ. ಹಿಂದೆ ಪರದೆ ಮೇಲೆ ಅದೇ ಮನುಷ್ಯ ಹೆರಾಯಿನ್ ಚುಚ್ಚಿಕೊಳ್ಳುವ ದೃಶ್ಯ. ಬೆಳಿಗ್ಗೆ ಬೆಳಿಗ್ಗೆ ಮಕ್ಕಳಿರುವ ಗುಂಪಿಗೆ ಇದು ಬೇಕಿತ್ತಾ?

ಪುಟ್ಟಿ: ಅಪ್ಪಾ, ಈ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು ನಾನು. ನಾನು ಲಾ ಓದುತ್ತಿದ್ದೇನೆ.

ಚಿಕ್ಕಪ್ಪ: ಹಾಗಾದರೆ ನೀನೇ ಹೇಳು. ಮನೆಗಳಿಗೆ ಕನ್ನ ಹಾಕಿ ಮತ್ತೆ ಮತ್ತೆ ಜೈಲಿಗೆ ಹೋದವರು ಅಂತ ಗೂಗಲ್ ಹೇಳುತ್ತಿದೆ. ಅಂಥವರಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಯಾಕೆ?

ಮೆಲ್ಬರ್ನ್ ಅಕ್ಕ: ಕನ್ನ ಹಾಕಿದ್ದನ್ನು ಅವರು ಮುಚ್ಚಿಟ್ಟಿಲ್ಲ ಚಿಕ್ಕಪ್ಪ. ಇಲ್ಲಿ ಕ್ಯೂ ಅಂತ ಶ್ರೀಮಂತರ ಬಡಾವಣೆ ಇದೆ. ಅಲ್ಲಿನ ಮನೆಗಳಿಗೇ ನುಗ್ಗುತ್ತಿದ್ದರು. ನೆಲ ಮೂಲನಿವಾಸಿಗಳದ್ದು, ಹಾಗಾಗಿ ಅದು ಬಾಡಿಗೆ ವಸೂಲಿ ಅಂತ ನಗುತ್ತಾ ಹೇಳುತ್ತಿದ್ದರು. ಆದರೆ ಕತೆ ಅಲ್ಲಿಂದ ಶುರುವಾಗುವುದಿಲ್ಲ. ಹುಟ್ಟಿದ್ದು 1943ರಲ್ಲಿ. ಕೆಲವೇ ತಿಂಗಳ ಕೂಸಾಗಿದ್ದಾಗ ಸರ್ಕಾರದವರು ತಾಯಿಯಿಂದ ಕಿತ್ತುಕೊಂಡರು. ಆಗ ಮೂಲನಿವಾಸಿ ಮಕ್ಕಳಿಗೆ ಹೀಗೆ ಮಾಡುತ್ತಿದ್ದರು. ಬಾಕ್ಸ್ ಹಿಲ್‌ನ ಹುಡುಗರ ಆಶ್ರಮದಲ್ಲಿ ಬೆಳೆದರು. ಅಲ್ಲಿದ್ದ ಮೂಲನಿವಾಸಿ ಹುಡುಗ ಅವರೊಬ್ಬರೇ. ಲೈಂಗಿಕ ದೌರ್ಜನ್ಯವೂ ಅಲ್ಲೇ ಆಯಿತು. ತಾನು ಅನಾಥ ಅಂತಲೇ ನಂಬಿ ಬೆಳೆದವರು.

ಶಿರಸಿ ಅತ್ತೆ: ಅಯ್ಯೋ ದೇವರೇ.

ಚಿಕ್ಕಪ್ಪ: ಕಷ್ಟಪಟ್ಟವರೆಲ್ಲ ಕಳ್ಳರಾಗುವುದಿಲ್ಲವಲ್ಲ.

ಪುಟ್ಟಿ: ಆ ಆಶ್ರಮ ನಡೆಸುತ್ತಿದ್ದದ್ದು ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸಂಸ್ಥೆ. ಅಪ್ಪಾ, ನೀವು ನೋಡುವ ತೆಲುಗು ಸಿನಿಮಾಗಳಲ್ಲಿ ಕಳ್ಳರ ಊರು ಅಂತ ತೋರಿಸುವ ಆಂಧ್ರದ ಸ್ಟುವರ್ಟ್‌ಪುರಂ ಇದೆಯಲ್ಲ, 1913ರಲ್ಲಿ ಶುರುವಾದ ಆ ವಸಾಹತನ್ನು ನಡೆಸಿದ್ದೂ ಅವರೇ. ಇಡೀ ಬುಡಕಟ್ಟುಗಳನ್ನೇ ಅಪರಾಧಿಗಳು ಅಂತ ಪಟ್ಟಿ ಮಾಡಿದ ಬ್ರಿಟಿಷರ ‘ಕ್ರಿಮಿನಲ್ ಟ್ರೈಬ್ಸ್’ ಕಾಯ್ದೆ ಬಂದದ್ದು 1871ರಲ್ಲಿ. ಹುಟ್ಟುವಾಗಲೇ ಕಳ್ಳ ಅಂತ ಬರೆದುಕೊಂಡರೆ ಆಮೇಲೆ ಏನು ಮಾಡಿದರೂ ಅದೇ ಫೈಲು.

ಚಿಕ್ಕಪ್ಪ: ನಿನ್ನ ಕಾಲೇಜಿಗೆ ಫೀಸು ಕಟ್ಟಿದ್ದು ನಾನು ಅನ್ನುವುದು ನೆನಪಿರಲಿ 😀

ದೊಡ್ಡಪ್ಪ: ಎಲ್ಲರೂ ಸ್ವಲ್ಪ ತಡೆಯಿರಿ. ನನ್ನ ತಕರಾರು ಬೇರೆ. ಕಳ್ಳನೋ ಸಾಧುವೋ, ನನಗೆ ಅದು ಬೇಡ. ತನ್ನ ಕತೆ ತಾನೇ ಹೇಳಿಕೊಂಡರೆ ಅದರಲ್ಲಿ ನಟನೆ ಎಲ್ಲಿದೆ? ನಟ ಅಂದರೆ ಇನ್ನೊಬ್ಬನಾಗಬೇಕು. ನಾನು ಊರ ಸಂಘದಲ್ಲಿ ಇಷ್ಟು ವರ್ಷ ನಾಟಕ ಆಡಿಸಿದ್ದೇನೆ. ಯಾರಾದರೂ ಬಂದು ‘ನನ್ನ ಕಷ್ಟ ಹೇಳಿಕೊಳ್ಳುತ್ತೇನೆ’ ಅಂದರೆ ಕಾಫಿ ಕೊಟ್ಟು ಕಳಿಸುತ್ತಿದ್ದೆ.

ಮೆಲ್ಬರ್ನ್ ಅಕ್ಕ: ದೊಡ್ಡಪ್ಪ, ಸುಮ್ನೆ ಬಂದು ಹೇಳಿಕೊಂಡದ್ದಲ್ಲ ಇದು. ಇಡೀ ನಾಟಕದ ಚೌಕಟ್ಟೇ ಒಂದು ಕೋರ್ಟು. ನನ್ನ ಅಪರಾಧದ ದಾಖಲೆ ಅಳಿಸಿಹಾಕಿ ಅಂತ ನ್ಯಾಯಾಧೀಶರ ಮುಂದೆ ವಾದ ಮಾಡುತ್ತಾರೆ. ಬದುಕಿಡೀ ಅವರ ಫೈಲನ್ನು ಬೇರೆಯವರು ಓದಿದರು. ಇಲ್ಲಿ ಅವರೇ ಓದುತ್ತಾರೆ. ಹಾಡಿದೆ, ಮೂವರ ವಾದ್ಯತಂಡ ಇದೆ, ಹೊಟ್ಟೆ ಹಿಡಿದು ನಗಿಸುವ ಮಾತಿದೆ. ಆ ಕುಂಬಾರಿಕೆ ಕೂಡ ಅಲಂಕಾರಕ್ಕಲ್ಲ. ಜೈಲಿನಲ್ಲಿ ಕಲಿತದ್ದು.

ನಾನು: ಇನ್ನೊಂದು ವಿಷಯ ದೊಡ್ಡಪ್ಪ. ಅವರು ಬರೀ ತಮ್ಮ ಕತೆ ಹೇಳಿಕೊಂಡು ಬಂದವರಲ್ಲ. 1971ರಲ್ಲೇ ಬಾಬ್ ಮಾಜಾ ಜೊತೆ ಸೇರಿ ನಿಂಡೆತಾನಾ ಅಂತ ಮೂಲನಿವಾಸಿಗಳ ನಾಟಕ ತಂಡ ಕಟ್ಟಿದವರು. ಇನ್ನೊಬ್ಬರಾಗಿ ನಟಿಸುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ದೊಡ್ಡಪ್ಪ: ಸರಿ, ಕುಶಲಿ ಅಂತ ಒಪ್ಪೋಣ. ಈಗ ಆ ಮನುಷ್ಯ ಇಲ್ಲ. ನಾಳೆ ಈ ನಾಟಕವನ್ನು ಯಾರು ಆಡುತ್ತಾರೆ? ನಟನ ಜೊತೆಗೇ ಸಾಯುವುದು ನಾಟಕ ಹೇಗಾಗುತ್ತದೆ?

ಶಿರಸಿ ಅತ್ತೆ: ಅಣ್ಣಾ, ನೀನೇ ಈ ಮಾತು ಹೇಳುವುದಾ? ತಾಳಮದ್ದಲೆ ಅಂದರೆ ರಾತ್ರಿಯಿಡೀ ಕೂತು ಕೇಳಿದವನು. ಶೇಣಿ ಗೋಪಾಲಕೃಷ್ಣ ಭಟ್ಟರು ಪಾತ್ರವಾಗಿ ಕೂತು ಆಡುತ್ತಿದ್ದ ಮಾತು, ಆ ಅರ್ಥ, ಅವರ ಜೊತೆಗೇ ಹೋಯಿತಲ್ಲ. ಅದು ಕಲೆ ಅಲ್ಲವಾ ಹಾಗಾದರೆ?

ದೊಡ್ಡಪ್ಪ: ಶೇಣಿಯವರು ಹೋದರು. ವಾಲಿ ಹೋಗಲಿಲ್ಲ ತಂಗೀ. ಪದ್ಯ ಇದೆ, ಪ್ರಸಂಗ ಇದೆ. ಇನ್ನೊಬ್ಬರು ಕೂತು ವಾಲಿಯ ಅರ್ಥ ಹೇಳುತ್ತಾರೆ. ಜ್ಯಾಕ್ ಚಾರ್ಲ್ಸ್ ಅರ್ಥವನ್ನು ಯಾರು ಹೇಳಬೇಕು?

ಶಿರಸಿ ಅತ್ತೆ: 🤐

ಚಿಕ್ಕಪ್ಪ: ಅಕ್ಕನ ಬಾಯಿ ಮುಚ್ಚಿಸಿದ ಮೊದಲ ಮನುಷ್ಯ ಅಣ್ಣ. ದಾಖಲೆ ಮಾಡಿಕೊಳ್ಳಿ.

ಮೆಲ್ಬರ್ನ್ ಅಕ್ಕ: ಈ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಟ್ಟಿಲ್ಲ ದೊಡ್ಡಪ್ಪ. 1997ರಲ್ಲಿ ಸಿಡ್ನಿಯಲ್ಲಿ ‘ಫೆಸ್ಟಿವಲ್ ಆಫ್ ದಿ ಡ್ರೀಮಿಂಗ್’ ಅಂತ ಮೂಲನಿವಾಸಿಗಳ ಕಲಾ ಉತ್ಸವ ಆಯಿತು. ಅದರಲ್ಲಿ ಹೆಂಗಸರದ್ದೇ ಒಂದು ಸರಣಿ ಇತ್ತು. ಲಿಯಾ ಪರ್ಸೆಲ್ ‘ಬಾಕ್ಸ್ ದಿ ಪೋನಿ’ ಆಡಿದರು. ಕ್ವೀನ್ಸ್‌ಲ್ಯಾಂಡಿನ ಮರ್ಗನ್ ಅನ್ನುವ ಊರಿನ ಅವರದೇ ಬದುಕು. ಆದರೆ ಅದರಲ್ಲಿ ಸ್ಟೆಫ್ ಅಂತ ಒಂದು ಪಾತ್ರ ಮಾಡಿಕೊಂಡರು. ತಾನಾಗಿಯೂ ಮಾತಾಡುತ್ತಾರೆ, ಸ್ಟೆಫ್ ಆಗಿಯೂ ಆಡುತ್ತಾರೆ. ಜಾಸ್ತಿ ನೋವಿನ ಸಂಗತಿಗಳೆಲ್ಲ ಸ್ಟೆಫ್ ತಲೆ ಮೇಲೆ. ಇದು ನಿಮ್ಮ ‘ಇನ್ನೊಬ್ಬನಾಗಬೇಕು’ ಅನ್ನುವ ಲೆಕ್ಕಕ್ಕೆ ಬರುತ್ತದೆ ಅಲ್ವಾ?

ದೊಡ್ಡಪ್ಪ: ಬರುತ್ತದೆ. ಇದು ಕೇಳುವ ಮಾತು.

ಮೆಲ್ಬರ್ನ್ ಅಕ್ಕ: ಅದೇ ಸರಣಿಯಲ್ಲಿ ನಿಂಗಾಲಿ ಲಾಫರ್ಡ್ ಇದ್ದರು. ಕಿಂಬರ್ಲಿ ಕಡೆಯವರು. ಇಂಗ್ಲಿಷು, ಇಂಗ್ಲಿಷು ಬೆರೆತ ಕ್ರಿಯೋಲ್, ತಮ್ಮ ಜನರ ವಾಲ್ಮಜಾರಿ, ಮೂರು ಭಾಷೆಗಳಲ್ಲೂ ಮಾತಾಡುತ್ತಿದ್ದರು. ಆಮೇಲೆ ಡೆಬೊರಾ ಚೀತಮ್. ಒಪೆರಾ ಹಾಡುಗಾರ್ತಿ. ಮೂರು ವಾರದ ಕೂಸನ್ನು ಬಿಳಿಯರ ಮನೆಗೆ ಕೊಟ್ಟರು. ತಾಯಿಯೇ ಬಿಟ್ಟುಹೋದಳು ಅಂತ ನಂಬಿಕೊಂಡು ಬೆಳೆದರು. ದೊಡ್ಡವರಾದ ಮೇಲೆ ತಾಯಿ ಸಿಕ್ಕಾಗ ಅದು ಸುಳ್ಳು ಅಂತ ಗೊತ್ತಾಯಿತು. ಆ ನಾಟಕದ ಹೆಸರು ‘ವೈಟ್ ಬ್ಯಾಪ್ಟಿಸ್ಟ್ ಅಬ್ಬಾ ಫ್ಯಾನ್’! (ಅಬ್ಬಾ ಅಂದರೆ ಸ್ವೀಡನ್ನಿನ ಪಾಪ್ ತಂಡ.)

ಪುಟ್ಟಿ: ಹೆಸರು ಸೂಪರ್ 😂 ಅದೇ 1997ರ ಮೇ ತಿಂಗಳಲ್ಲಿ ಹೀಗೆ ಕಿತ್ತುಕೊಂಡ ಮಕ್ಕಳ ಬಗ್ಗೆ ‘ಬ್ರಿಂಗಿಂಗ್ ದೆಮ್ ಹೋಮ್’ ಅನ್ನುವ ತನಿಖಾ ವರದಿ ಬಂತು. 535 ಜನ ಸಾಕ್ಷಿ ಹೇಳಿದ್ದರು. 1910ರಿಂದ 1970ರವರೆಗೆ ಮೂಲನಿವಾಸಿ ಮಕ್ಕಳಲ್ಲಿ ಕನಿಷ್ಠ ಹತ್ತಕ್ಕೆ ಒಂದು, ಹೆಚ್ಚೆಂದರೆ ಮೂರಕ್ಕೆ ಒಂದು ಮಗುವನ್ನು ಹೀಗೆ ಕಿತ್ತುಕೊಂಡರು ಅಂತ ಅದರಲ್ಲಿದೆ. ಸರ್ಕಾರ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು ಮಾತ್ರ 2008ರ ಫೆಬ್ರವರಿ 13ಕ್ಕೆ.

ಚಿಕ್ಕಪ್ಪ: ಮೂರರಲ್ಲಿ ಒಂದಾ?

ಪುಟ್ಟಿ: ಕೆಲವು ಕಡೆ, ಕೆಲವು ಕಾಲದಲ್ಲಿ. ಆದರೆ ಅಕ್ಕಾ, ನಿನ್ನನ್ನೂ ಒಂದು ಕೇಳಬೇಕು. ‘ಬಾಕ್ಸ್ ದಿ ಪೋನಿ’ಗೆ ಜೊತೆ ಬರಹಗಾರ ಸ್ಕಾಟ್ ರಾಂಕಿನ್. ನಿಂಗಾಲಿ ಜೊತೆ ರಾಬಿನ್ ಆರ್ಚರ್. ಜ್ಯಾಕ್ ಚಾರ್ಲ್ಸ್ ಜೊತೆ ಜಾನ್ ರೊಮೆರಿಲ್. ಎಲ್ಲ ಬಿಳಿಯರೇ. ‘ತಮ್ಮ ಫೈಲು ತಾವೇ ಓದಿದರು’ ಅಂತೀಯ. ಪೆನ್ನು ಯಾರ ಕೈಲಿತ್ತು?

ಮೆಲ್ಬರ್ನ್ ಅಕ್ಕ: ಈ ಕಿರಿಕಿರಿ ನನಗೂ ಇದೆ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡ. ರೊಮೆರಿಲ್ 1972ರಲ್ಲೇ ಜ್ಯಾಕ್‌ಗಾಗಿ ನಾಟಕ ಬರೆದಿದ್ದವರು. ಅಷ್ಟು ಹಳೇ ಗೆಳೆತನ. ಆಡಿಸಿದ್ದು ಇಲ್ಬಿಜೆರಿ, ಮೂಲನಿವಾಸಿಗಳದ್ದೇ ತಂಡ. ನಿರ್ದೇಶನ ರೇಚೆಲ್ ಮಾಜಾ, ಅದೇ ಬಾಬ್ ಮಾಜಾ ಅವರ ಮಗಳು. ಯಾವ ಮಾತು ಇರಬೇಕು, ಯಾವುದು ಹೋಗಬೇಕು ಅಂತ ಹೇಳುವವರು ಯಾರು ಅನ್ನುವುದು ಮುಖ್ಯ.

ಶಿರಸಿ ಅತ್ತೆ: ನನಗೆ ಇದ್ಯಾವುದೂ ಅಲ್ಲ. ದಿನಾ ರಾತ್ರಿ ಟಿಕೆಟ್ ಕೊಟ್ಟು ಬಂದವರ ಮುಂದೆ ಆ ಆಶ್ರಮದ ಸಂಗತಿ ಹೇಳಬೇಕು ಅಂದರೆ ಆ ಜೀವಕ್ಕೆ ಏನಾಗಬೇಡ? ನೋಡಿದವರು ಅತ್ತು ಹಗುರಾಗಿ ಮನೆಗೆ ಹೋಗುತ್ತಾರೆ. ಇವರು ನಾಳೆ ಮತ್ತೆ ಅದನ್ನೇ ಹೇಳಬೇಕು.

ದೊಡ್ಡಪ್ಪ: ನೋಡಿ, ನಾನು ಇಷ್ಟೊತ್ತು ಹೇಳಲು ಒದ್ದಾಡಿದ್ದು ಇದನ್ನೇ. ಪಾತ್ರ ಅನ್ನುವುದು ನಟನಿಗೂ ಒಂದು ರಕ್ಷಣೆ.

ಮೆಲ್ಬರ್ನ್ ಅಕ್ಕ: ನಿಜ ಅತ್ತೆ. ಆದರೆ ನಾಟಕ ಮುಗಿದ ಮೇಲೂ ಅವರು ಹೇಳುವುದನ್ನು ಬಿಡಲಿಲ್ಲ. 2022ರ ಏಪ್ರಿಲ್‌ನಲ್ಲಿ ಮೂಲನಿವಾಸಿಗಳಿಗಾದ ಅನ್ಯಾಯವನ್ನು ವಿಚಾರಿಸುತ್ತಿದ್ದ, ಇಲ್ಲಿನ ವಿಕ್ಟೋರಿಯಾ ರಾಜ್ಯದ ಯೂರೂಕ್ ನ್ಯಾಯ ಆಯೋಗದ ಮುಂದೆ ಮೊದಲು ಸಾಕ್ಷಿ ಹೇಳಿದ ಹಿರಿಯರು ಅವರೇ. ಸೆಪ್ಟೆಂಬರ್‌ನಲ್ಲಿ ಹೋದರು. ಜೈಲಿಗೆ ಹಾಕಿದ ಅದೇ ಸರ್ಕಾರ ಸಕಲ ಮರ್ಯಾದೆಯೊಂದಿಗೆ ಅಂತ್ಯಕ್ರಿಯೆ ಮಾಡಿತು.

ಚಿಕ್ಕಪ್ಪ: ಕಳ್ಳತನ ಕಳ್ಳತನವೇ. ಅದರಲ್ಲಿ ನನ್ನ ಮಾತು ಬದಲಾಗುವುದಿಲ್ಲ. ಆದರೆ ವಿಡಿಯೋ ಇನ್ನೊಂದು ಸಲ ನೋಡಿದೆ. ಮನುಷ್ಯ ನಗಿಸುತ್ತಾರೆ.

ದೊಡ್ಡಪ್ಪ: ಮಗಳೇ, ಆ ಸ್ಟೆಫ್ ನಾಟಕ ಪುಸ್ತಕವಾಗಿ ಬಂದಿದೆಯಾ?

ಮೆಲ್ಬರ್ನ್ ಅಕ್ಕ: ಬಂದಿದೆ ದೊಡ್ಡಪ್ಪ.

ದೊಡ್ಡಪ್ಪ: ಬರುವಾಗ ಒಂದು ಪ್ರತಿ ತಾ. ಬೇರೆ ಹುಡುಗಿ ಆಡಿದರೆ ನಿಲ್ಲುತ್ತದಾ ಅಂತ ನೋಡಬೇಕು. ನಿಲ್ಲದಿದ್ದರೆ ಇದೇ ಗುಂಪಿನಲ್ಲಿ ಮತ್ತೆ ಜಗಳ.

ಶಿರಸಿ ಅತ್ತೆ: ತಂದರೆ ಮೊದಲು ನನಗೆ. ಅಣ್ಣನಿಗೆ ಕೊಟ್ಟ ಪುಸ್ತಕ ವಾಪಸ್ ಬಂದದ್ದೇ ಇಲ್ಲ.