ಟೆನ್ಸ್ ಬರುತ್ತೆ, ಇಂಗ್ಲಿಷ್ ಮಾತಾಡೋಕೆ ಬಾಯಿ ಬರಲ್ಲ: ಏನು ಮಾಡಿಸೋದು?

ಕ್ಯಾತ್ಸಂದ್ರದಿಂದ ಪ್ರಶ್ನೆ:
ಸಂಜೆ ಒಂದು ಗಂಟೆ ಕ್ಲಾಸು, 16 ಮಕ್ಕಳು. ಎಲ್ಲ ಕನ್ನಡ ಮೀಡಿಯಂನಲ್ಲಿ ಓದಿ ಈಗ ಡಿಗ್ರಿಯಲ್ಲಿರೋರು. ಬರೆಯೋಕೆ ಕೊಟ್ರೆ ಟೆನ್ಸ್ ತಪ್ಪಲ್ಲ, ಎದ್ದು ಎರಡು ನಿಮಿಷ ಮಾತಾಡಿ ಅಂದ್ರೆ ನೆಲ ನೋಡ್ತಾರೆ. ತಿಳಿದವರು ಹೇಳಿ.

ಗುಬ್ಬಿಯಿಂದ:
ಹೊಸ ಪಾಠ ನಿಲ್ಲಿಸಿ, ಒಂದೇ ವಿಷಯ ಮೂರು ಸಲ ಹೇಳಿಸಿ. 4-3-2 ಅನ್ನೋ ಈ ಕ್ರಮದ ಬಗ್ಗೆ ಇಂಗ್ಲಿಷ್ ಮೇಷ್ಟ್ರು ಕೀತ್ ಮಾರಿಸ್ 1983ರಲ್ಲೇ ಬರೆದಿದ್ದಾರೆ. ಎಂಟೆಂಟು ಜನರ ಎರಡು ಸಾಲು, ಎದುರುಬದುರು. ಒಂದು ಸಾಲು 4 ನಿಮಿಷ ಮಾತಾಡುತ್ತೆ, ಇನ್ನೊಂದು ಬರೀ ಕೇಳುತ್ತೆ. ಆಮೇಲೆ ಕೇಳೋ ಸಾಲು ಒಂದು ಹೆಜ್ಜೆ ಸರಿಯಬೇಕು. ಅದೇ ಮಾತು 3 ನಿಮಿಷದಲ್ಲಿ, ಮತ್ತೆ ಸರಿದು 2ರಲ್ಲಿ. ಕೇಳೋರನ್ನ ಬದಲಿಸದೇ ಇದ್ರೆ 'ಆಗಲೇ ಹೇಳಿದ್ನಲ್ಲ' ಅಂತ ಅರ್ಧ ನುಂಗಿಬಿಡ್ತಾರೆ. ಎರಡೂ ಸಾಲಿನ ಸರದಿ ಮುಗಿಯೋಕೆ 25 ನಿಮಿಷ ಸಾಕು. 4 ನಿಮಿಷ ಎಳೆಯೋಕಾಗದವರಿಗೆ 3-2-1.

ಕೆಡೋದು ವಿಷಯದ ಆಯ್ಕೆಯಲ್ಲಿ. ಗ್ಲೋಬಲ್ ವಾರ್ಮಿಂಗ್ ಕೊಟ್ರೆ ಪದ ಹುಡುಕೋದ್ರಲ್ಲೇ ಸಮಯ ಹೋಗುತ್ತೆ. ನಿಮ್ಮೂರಿನ ತಟ್ಟೆ ಇಡ್ಲಿ ಮಾಡೋದು ಹೇಗೆ ಅಂತ ಕೊಡಿ: ಸೋಕ್, ಗ್ರೈಂಡ್, ಸ್ಟೀಮ್. ಹಿಟ್ಟು ಹುಳಿ ಬರೋದಕ್ಕೆ ಪದ ಸಿಗದಿದ್ರೆ 'ಕೀಪ್ ಇಟ್ ಓವರ್‌ನೈಟ್' ಅಂದು ಮುಂದೆ ಹೋಗಲಿ. ಯೋಚಿಸೋಕೆ 2 ನಿಮಿಷ ಕೊಡಿ, ಪೆನ್ನು ಮುಟ್ಟಿಸಬೇಡಿ. ಬರೆದರೆ ಓದ್ತಾರೆ, ಮಾತಾಡಲ್ಲ.

ಚಿಂತಾಮಣಿಯಿಂದ:
ಮಧ್ಯೆ ತಿದ್ದಬೇಡಿ. ತಪ್ಪುಗಳನ್ನ ನಿಮ್ಮ ಪುಸ್ತಕದಲ್ಲಿ ಗುರುತು ಹಾಕ್ಕೊಂಡು, ಕೊನೆಗೆ ಮೂರನ್ನ ಮಾತ್ರ ಬೋರ್ಡ್ ಮೇಲೆ ಬರೀರಿ, ಯಾರದು ಅಂತ ಹೇಳದೆ. ಕನ್ನಡ ಆಡಿದ್ರೆ ಹತ್ತು ರೂಪಾಯಿ ಫೈನ್ ಅನ್ನೋ ರೂಲು ಇದ್ರೆ ಇವತ್ತೇ ತೆಗೀರಿ. ಅದು ಬಾಯಿಗೆ ಬೀಗ.

ಬಂಗಾರಪೇಟೆಯಿಂದ:
'ಐ' ಅಂದು ನಿಂತುಬಿಡ್ತಾರಲ್ಲ, ಅದಕ್ಕೆ ಕಾರಣ ಇದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಇಂಗ್ಲಿಷಲ್ಲಿ ಕರ್ತೃವಿನ ಬೆನ್ನಿಗೇ. ಇಡೀ ಕನ್ನಡ ವಾಕ್ಯ ಕಟ್ಟಿಕೊಂಡು, ಬಾಲದಲ್ಲಿರೋ ಕ್ರಿಯಾಪದವನ್ನ ಮುಂದಕ್ಕೆ ತರಬೇಕು. ಅದಕ್ಕೇ ಬಿಡಿ ಪದ ಬೇಡ, ಕಟ್ಟು ಕಲಿಸಿ. 'ಇಟ್ ಟೇಕ್ಸ್ ಮಿ', 'ಐ ವಾಸ್ ಅಬೌಟ್ ಟು' ಥರದವು ವಾರಕ್ಕೆ ಐದು. ಒಂದೊಂದನ್ನೂ ಹತ್ತು ಥರ ಮುಗಿಸಲಿ: 'ಇಟ್ ಟೇಕ್ಸ್ ಮಿ ಟ್ವೆಂಟಿ ಮಿನಿಟ್ಸ್ ಟು ರೀಚ್ ಕಾಲೇಜ್.' ಯೋಚಿಸೋಕೆ 'ಲೆಟ್ ಮಿ ಸೀ' ಕೊಡಿ, 'ಆಂ... ಆಂ...' ತಾನಾಗೇ ಕಮ್ಮಿ ಆಗುತ್ತೆ.

ಇನ್ನೊಂದು, ಪದದ ಕೊನೆಗೆ ಸ್ವರ ಅಂಟಿಸೋದು: ಬಸ್ಸು, ವಾಂಟು, ಟಾಕು. ಜೊತೆಗೆ ಎಲ್ಲ ಅಕ್ಷರಕ್ಕೂ ಒಂದೇ ತೂಕ. 'ಐ ವೆಂಟ್ ಟು ದ ಮಾರ್ಕೆಟ್' ಅನ್ನುವಾಗ 'ವೆಂಟ್' ಮತ್ತು 'ಮಾರ್' ಮೇಲೆ ಮಾತ್ರ ಬೆಂಚು ತಟ್ಟಿಸಿ, 'ಟು ದ' ನಡುವೆ ನುಸುಳಿ ಹೋಗಲಿ. ಆಮೇಲೆ ನಿಧಾನದ ಆಡಿಯೋ ಒಂದರ 30 ಸೆಕೆಂಡು ತಗೊಂಡು, ಎರಡು ಸಲ ಬರಹ ನೋಡ್ತಾ ಕೇಳಲಿ, ಆಮೇಲೆ ಬರಹ ಮುಚ್ಚಿ ದನಿಯ ಹಿಂದೆಯೇ ಹೇಳಲಿ. ಐದು ದಿನ ಅದೇ ತುಣುಕು. ಟಿವಿ ನ್ಯೂಸ್ ಬೇಡ, ಆ ಓಟಕ್ಕೆ ಮಕ್ಕಳು ಗೊಣಗೋದು ಕಲೀತಾರೆ, ಅಷ್ಟೇ.

ಕ್ಯಾತ್ಸಂದ್ರದಿಂದ:
ನಾಳೆಯಿಂದ 4-3-2 ಶುರು ಮಾಡ್ತೀನಿ. ಒಬ್ಬರು ಬರದೆ 15 ಆದ್ರೆ?

ಗುಬ್ಬಿಯಿಂದ:
ಒಬ್ಬರ ಕೈಗೆ ಗಡಿಯಾರ ಕೊಡಿ, ಟೈಮ್ ಕೂಗೋದು ಅವರ ಕೆಲಸ. ಸಾಲು ಬದಲಾಗುವಾಗ ಗಡಿಯಾರ ಬೇರೆಯವರಿಗೆ. ತೀರಾ ನಾಚಿಕೆಯವರಿಗೆ ಮೊದಲ ದಿನ ಆ ಕೆಲಸವೇ ಇರಲಿ.