ಮೈಸೂರಿನಲ್ಲಿ ಎರಡು ರಾತ್ರಿ: ಯಾವ ಹಳೇ ಕಾಲದ ಹೋಟೆಲ್?

ಕೇಳಿದವರು: ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ. ಮೈಸೂರಿನಲ್ಲಿ ರಾಜರ ಕಾಲದ ಗತ್ತು ಇರುವ ಹೋಟೆಲ್‌ನಲ್ಲಿ ಎರಡು ರಾತ್ರಿ ಇರಿಸಬೇಕು ಅಂತ ಆಸೆ. ಅಮ್ಮನಿಗೆ ಮಂಡಿನೋವು. ಲಲಿತಮಹಲ್ಲೋ, ಮೆಟ್ರೊಪೋಲೋ? ಇದ್ದು ಬಂದವರು ಹೇಳಿ.

ಕುವೆಂಪುನಗರದವಳು: ಗತ್ತೇ ಬೇಕು ಅಂದರೆ ಲಲಿತಮಹಲ್. ನಾಲ್ವಡಿಯವರು ವೈಸರಾಯ್ ಬಂದರೆ ಇಳಿದುಕೊಳ್ಳಲಿ ಅಂತ 1921ರಲ್ಲಿ ಶುರುಮಾಡಿಸಿದ್ದು. ಹೋಟೆಲ್ ಆಗಿದ್ದು 1974ರಲ್ಲಿ. ಹಿಂದೆ ನೃತ್ಯ ನಡೆಯುತ್ತಿದ್ದ ಹಾಲ್‌ನಲ್ಲಿ ಈಗ ಊಟ, ತಲೆ ಮೇಲೆ ಬಣ್ಣದ ಗಾಜು. ಆದರೆ ಇದು ಊರಿನ ಒಂದು ಅಂಚು, ಚಾಮುಂಡಿ ಬೆಟ್ಟದ ಕಡೆ. ದೇವರಾಜ ಮಾರುಕಟ್ಟೆಗೆ ಸುಮ್ನೆ ನಡೆದು ಹೋಗಿಬರೋಣ ಅನ್ನೋ ಹಾಗಿಲ್ಲ.

ಹಳೇ ಮನೆ ಹುಚ್ಚಿನವನು: ಹೋಟೆಲ್ ಹೆಸರಿಗಿಂತ ಕೋಣೆ ಮುಖ್ಯ ಮಾರಾಯ್ರೆ. ಹೆರಿಟೇಜ್ ಹೋಟೆಲ್ ಅಂದರೆ ಎಷ್ಟೋ ಕಡೆ ಹಳೇ ಕಟ್ಟಡದ ಪಕ್ಕ ಹೊಸದೊಂದು ಇರುತ್ತದೆ. ಫೋಟೊ ಹಳೆಯದರದ್ದು, ಕೊಡುವ ಕೋಣೆ ಹೊಸದರದ್ದು. ಬೇರೆ ಊರಿನಲ್ಲಿ ನಮಗೆ ಹಾಗೇ ಆಯ್ತು. ಕಿಟಕಿ ತೆಗೆದರೆ ಜನರೇಟರ್! ಆ್ಯಪ್ ನಂಬಬೇಡಿ, ನೇರ ಫೋನ್ ಮಾಡಿ. ಮೂಲ ಕಟ್ಟಡದ್ದೇ ಕೋಣೆಯಾ, ಯಾವ ಮಹಡಿ, ಲಿಫ್ಟ್ ಅಲ್ಲಿವರೆಗೂ ಹೋಗುತ್ತಾ, ಬಚ್ಚಲಲ್ಲಿ ಹಿಡಿಕೆ ಇದೆಯಾ, ಸ್ನಾನಕ್ಕೆ ತೊಟ್ಟಿ ಹತ್ತಿ ಇಳಿಯಬೇಕಾ? ಅಮ್ಮನ ಮಂಡಿಗೆ ಇದೇ ದೊಡ್ಡ ಪ್ರಶ್ನೆ. ಆ ಕಾಲದ ಮನೆಗಳಲ್ಲಿ ಸೂರು ಎತ್ತರ, ಹಾಗಾಗಿ ಒಂದೊಂದು ಮಹಡಿಗೂ ಮೆಟ್ಟಿಲು ಜಾಸ್ತಿ. ಒಪ್ಪಿದ್ದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಅದೇ ದಿನ ಅಲ್ಲಿ ಮದುವೆ ಇದೆಯಾ ಅಂತಲೂ ಕೇಳಿ. ಇದ್ದರೆ ನಿದ್ದೆ ಮರೆತುಬಿಡಿ.

ಕುವೆಂಪುನಗರದವಳು: ಹೌದು, ಮದುವೆ ವಿಷಯ ನೂರಕ್ಕೆ ನೂರು ನಿಜ.

ರೈಲಲ್ಲೇ ಬರುವವಳು: ನನ್ನ ಓಟು ಮೆಟ್ರೊಪೋಲ್‌ಗೆ. 1920ರಲ್ಲಿ ಮಹಾರಾಜರ ಬ್ರಿಟಿಷ್ ಅತಿಥಿಗಳಿಗೆ ಅಂತ ಕಟ್ಟಿದ್ದು. ರೈಲು ನಿಲ್ದಾಣ ಹತ್ತಿರ, ಅರಮನೆಗೆ ಆಟೊ ಸಾಕು. ಉದ್ದುದ್ದ ಜಗಲಿ. ಕಾಫಿ ಹಿಡಿದು ಕೂತರೆ ವಯಸ್ಸಾದವರಿಗೆ ಅಷ್ಟೇ ಸಾಕು, ಅಲ್ವಾ? ವೈಸರಾಯ್ ವೈಭವ ಇಲ್ಲಿ ಸಿಗಲ್ಲ ಅನ್ನೋದನ್ನೂ ಒಪ್ಪುತ್ತೇನೆ.

ಹಳೇ ಮನೆ ಹುಚ್ಚಿನವನು: ಜಯಲಕ್ಷ್ಮೀಪುರದ ಗ್ರೀನ್ ಹೋಟೆಲ್ ಯಾರೂ ಹೇಳಲಿಲ್ಲವಲ್ಲ! ರಾಜಕುಮಾರಿಯರಿಗೆ ಕಟ್ಟಿದ ಚಿತ್ತರಂಜನ್ ಅರಮನೆ ಅದು. ಆಮೇಲೆ ಪ್ರೀಮಿಯರ್ ಸ್ಟುಡಿಯೊ ಇದ್ದ ಜಾಗ. ಲಾಭ ದಾನಕ್ಕೆ ಹೋಗುತ್ತದೆ. ಐಷಾರಾಮಿ ಅಲ್ಲ, ಆದರೆ ತೋಟ ಚೆನ್ನ. ಇಲ್ಲೂ ತೋಟದ ಕಡೆಯ ಕೋಣೆ ಬೇರೆ, ಅರಮನೆಯ ಕೋಣೆ ಬೇರೆ. ಕೇಳಿ ತಗೊಳ್ಳಿ.

ಕೇಳಿದವರು: ಥ್ಯಾಂಕ್ಸ್. ಅಪ್ಪ ಒಂದು ಕಡೆ ಕೂರುವವರಲ್ಲ, ಮಾರುಕಟ್ಟೆ ಸುತ್ತಲೇಬೇಕು. ಮೆಟ್ರೊಪೋಲ್ ಕಡೆ ಮನಸ್ಸು ವಾಲಿದೆ. ಲಲಿತಮಹಲ್‌ನಲ್ಲಿ ಒಂದು ಊಟ ಮಾಡಿಸುತ್ತೇನೆ. ಶುಕ್ರವಾರ, ಶನಿವಾರ ರಾತ್ರಿ ನೋಡುತ್ತಿದ್ದೇನೆ.

ರೈಲಲ್ಲೇ ಬರುವವಳು: ಶನಿವಾರ, ಭಾನುವಾರ ಮಾಡಿಕೊಳ್ಳಿ. ಅರಮನೆಗೆ ದೀಪ ಹಾಕೋದು ಭಾನುವಾರ ಸಂಜೆ.